ಮೀಟರ್‌ನಲ್ಲಿ ಸೊನ್ನೆ ತೋರಿಸಿದ ಚಿಪ್

1985ರ ಏಪ್ರಿಲ್ 26. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಏಕಾರ್ನ್ ಎಂಬ ಸಣ್ಣ ಕಂಪನಿಗೆ, ಅದು ತಾನೇ ವಿನ್ಯಾಸ ಮಾಡಿದ ಮೊದಲ ಪ್ರೊಸೆಸರ್, ಅಂದರೆ ಕಂಪ್ಯೂಟರಿನ ಲೆಕ್ಕವೆಲ್ಲ ಮಾಡುವ ಚಿಪ್, ಬಂದು ಸೇರಿತು. ಅದಕ್ಕೆ ಭಾಷೆ ಕಟ್ಟಿದ್ದು ಸೋಫಿ ವಿಲ್ಸನ್, ಒಡಲು ಕಟ್ಟಿದ್ದು ಸ್ಟೀವ್ ಫರ್ಬರ್. ಬೋರ್ಡಿಗೆ ಕೂರಿಸಿದರು, ಓಡಿತು. ಎಷ್ಟು ಕರೆಂಟ್ ತಿನ್ನುತ್ತದೋ ನೋಡೋಣ ಅಂತ ಫರ್ಬರ್ ಮೀಟರ್ ಹಿಡಿದರೆ, ಸೊನ್ನೆ!

ಹುಡುಕಿದಾಗ ಕಾರಣ ಸಿಕ್ಕಿತು. ಚಿಪ್‌ಗೆ ಕರೆಂಟ್ ಕೊಡುವ ದಾರಿಯೇ ಬೋರ್ಡಿನಲ್ಲಿ ಜೋಡಣೆ ಆಗಿರಲಿಲ್ಲ. ಉಳಿದ ಸಿಗ್ನಲ್ ಕಾಲುಗಳಿಂದ ಸೋರಿ ಬರುತ್ತಿದ್ದ ಚೂರುಪಾರು ಕರೆಂಟಿನಲ್ಲೇ ಅದು ಕೆಲಸ ಮಾಡುತ್ತಿತ್ತು. ಆ ಚಿಪ್‌ನ ಹೆಸರು ಆರ್ಮ್. ಇವತ್ತು ನಿಮ್ಮ ಜೇಬಿನಲ್ಲಿರುವ ಫೋನಿನೊಳಗೆ ಇರುವುದು ಹೆಚ್ಚುಕಡಿಮೆ ಖಂಡಿತ ಅದರ ಮೊಮ್ಮಗನೇ.

ಅದರಲ್ಲಿದ್ದದ್ದು ಸುಮಾರು 25,000 ಟ್ರಾನ್ಸಿಸ್ಟರ್, ಅಂದರೆ ಕರೆಂಟಿನ ಪುಟ್ಟ ಸ್ವಿಚ್. ಅದೇ ವರ್ಷ ಬಂದ ಇಂಟೆಲ್ 386ರಲ್ಲಿ 2,75,000. ಚಿಕ್ಕ ಕಂಪನಿ, ಕಡಿಮೆ ಜನ, ಕಡಿಮೆ ದುಡ್ಡು. ಹಾಗಾಗಿ ಚಿಪ್ ಕೂಡ ಸರಳವಾಗಿಯೇ ಇರಬೇಕಿತ್ತು. ದುಬಾರಿ ಸೆರಾಮಿಕ್ ಬಿಟ್ಟು ಅಗ್ಗದ ಪ್ಲಾಸ್ಟಿಕ್ ಕವಚ ಹಾಕಬೇಕಾದರೆ ಅದು ಬಿಸಿಯಾಗಲೂ ಬಾರದು. ಬ್ಯಾಟರಿ ಫೋನಿನ ಯೋಚನೆ ಆಗ ಅವರ ತಲೆಯಲ್ಲಿ ಇರಲೇ ಇಲ್ಲ.

ಮೇಲೆ ಭಾಷೆ ಅಂದೆನಲ್ಲ, ಪ್ರೊಸೆಸರ್‌ಗಳ ನಡುವಿನ ಮೊದಲ ವ್ಯತ್ಯಾಸ ಇರುವುದೇ ಅಲ್ಲಿ. ‘ಈ ಎರಡು ಸಂಖ್ಯೆ ಕೂಡಿಸು’, ‘ಇದನ್ನು ಅಲ್ಲಿಡು’ ಎನ್ನುವಂಥ ಆದೇಶಗಳು ಬಿಟ್ಟರೆ ಯಾವ ಪ್ರೊಸೆಸರ್‌ಗೂ ಬೇರೇನೂ ಗೊತ್ತಿಲ್ಲ. ಇಂಟೆಲ್, ಎಎಂಡಿ ಚಿಪ್‌ಗಳು ಮಾತಾಡುವುದು ಎಕ್ಸ್86 ಎಂಬ ಭಾಷೆ. ಅದು ಹುಟ್ಟಿದ್ದು 1978ರ 8086 ಚಿಪ್‌ನಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಅದು ಒಟ್ಟು ಕುಟುಂಬದ ಹಳೇ ಮನೆಯ ಹಾಗೆ ಬೆಳೆದಿದೆ. ಪ್ರತಿ ಮದುವೆಗೊಂದು ಕೋಣೆ ಸೇರಿಸಿದರು, ಹಳೆಯದನ್ನು ಮಾತ್ರ ಕೆಡವಲಿಲ್ಲ. ಕೆಡವಿದರೆ ಹಳೇ ಸಾಫ್ಟ್‌ವೇರ್ ಓಡುವುದು ಹೇಗೆ? ಇದನ್ನು ಹೊರೆ ಅಂತ ಬೈಯುವವರೇ ಜಾಸ್ತಿ. ನನಗೇನೋ ಇದು ದೊಡ್ಡ ಗುಣವಾಗಿಯೇ ಕಾಣುತ್ತದೆ.

ಆದರೆ ಅದಕ್ಕೆ ಬೆಲೆ ತೆರಬೇಕು. ಎಕ್ಸ್86 ಆದೇಶ ಒಂದು ಬೈಟ್ ಇರಬಹುದು, ಹದಿನೈದು ಬೈಟ್ ಕೂಡ ಇರಬಹುದು. ಕಾಡುಗಲ್ಲಿನ ಗೋಡೆ ಇದ್ದಂತೆ. ಈ ಕಲ್ಲು ಎಲ್ಲಿ ಮುಗಿಯಿತು ಅಂತ ನೋಡದೆ ಮುಂದಿನದು ಎಲ್ಲಿ ಶುರು ಅಂತ ಹೇಳಲು ಆಗದು. ಆರ್ಮ್ ಹಾಗಲ್ಲ. ಈಗಿನ 64 ಬಿಟ್ ಆರ್ಮ್‌ನಲ್ಲಿ ಪ್ರತಿ ಆದೇಶವೂ ಸರಿಯಾಗಿ ನಾಲ್ಕು ಬೈಟ್, ಒಂದೇ ಅಳತೆಯ ಇಟ್ಟಿಗೆ. ಎಂಟನೆಯ ಇಟ್ಟಿಗೆ ಎಲ್ಲಿದೆ ಅಂತ ಮೊದಲೇ ಗೊತ್ತು. ಎಂಟನ್ನೂ ಒಟ್ಟಿಗೇ ಎತ್ತಿಕೊಳ್ಳಬಹುದು.

ಆಪಲ್ 2020ರಲ್ಲಿ ಇಂಟೆಲ್ ಬಿಟ್ಟು ಆರ್ಮ್ ಭಾಷೆಯ ಎಂ1 ಚಿಪ್ ತಂದಾಗ ಈ ಗುಣವನ್ನು ಚೆನ್ನಾಗಿಯೇ ಬಳಸಿಕೊಂಡಿತು. ಎಂ1 ಒಂದೇ ಸಲಕ್ಕೆ ಎಂಟು ಆದೇಶಗಳನ್ನು ಬಿಡಿಸಿ ಓದುತ್ತಿತ್ತು. ಹಳೇ ಎಕ್ಸ್86 ಪ್ರೋಗ್ರಾಂಗಳಿಗೆ ರೊಸೆಟಾ 2 ಎಂಬ ದುಭಾಷಿಯನ್ನೂ ಕೊಟ್ಟರು. ಹಾಗಂತ ಗೆಲುವೆಲ್ಲ ಭಾಷೆಯದ್ದೇ ಅಂದುಕೊಳ್ಳಬೇಡಿ. ಮೆಮೊರಿಯನ್ನು ಚಿಪ್‌ನ ಪಕ್ಕದಲ್ಲೇ ಕೂರಿಸಿದ್ದು, ಆಗ ಇದ್ದ ಅತಿ ಹೊಸ 5 ನ್ಯಾನೋಮೀಟರ್ ತಯಾರಿಕೆ, ಇವೂ ಅಷ್ಟೇ ಕೆಲಸ ಮಾಡಿದವು.

ಇನ್ನೊಂದು ಭಾಷೆಯೂ ಇದೆ, ರಿಸ್ಕ್-ಫೈವ್. 2010ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಶುರುವಾಯಿತು. ಆರ್ಮ್ ಭಾಷೆ ಬಳಸಲು ದುಡ್ಡು ಕೊಡಬೇಕು, ಇದಕ್ಕೆ ಬೇಡ. ಮದ್ರಾಸ್ ಐಐಟಿಯವರು ‘ಶಕ್ತಿ’ ಪ್ರೊಸೆಸರ್ ಕಟ್ಟಿದ್ದು ಇದರ ಮೇಲೆಯೇ.

ಪರದೆಯ ಚಿತ್ರ ಬಿಡಿಸುವ ಗ್ರಾಫಿಕ್ಸ್ ಪ್ರೊಸೆಸರ್‌ನ ಕಥೆಯೇ ಬೇರೆ. ಮಾಮೂಲಿ ಫುಲ್ ಎಚ್‌ಡಿ ಪರದೆಯಲ್ಲಿ 20,73,600 ಚುಕ್ಕೆಗಳಿವೆ. ಆಟ ಆಡುವಾಗ ಸೆಕೆಂಡಿಗೆ 60 ಸಲ ಅಷ್ಟಕ್ಕೂ ಬಣ್ಣ ಹಚ್ಚಬೇಕು. ಅದಕ್ಕೆ ಬುದ್ಧಿವಂತ ಒಬ್ಬ ಸಾಲದು, ಹೇಳಿದ್ದನ್ನು ಮಾಡುವ ಸಾವಿರಾರು ಕೈ ಬೇಕು. ನಾಟಿ ದಿನ ಗದ್ದೆಗೆ ಆಳು ಬೇಕಾದ ಹಾಗೆ. ಎನ್ವಿಡಿಯಾದ ಆರ್‌ಟಿಎಕ್ಸ್ 4090ರಲ್ಲಿ ಅಂಥ 16,384 ಪುಟ್ಟ ಕೋರ್‌ಗಳು, ಅಂದರೆ ಲೆಕ್ಕ ಮಾಡುವ ಘಟಕಗಳು, ಇವೆ. ಎಐ ಲೆಕ್ಕವೂ ಇದೇ ಜಾತಿಯದು, ಲಕ್ಷಾಂತರ ಗುಣಾಕಾರ ಒಟ್ಟೊಟ್ಟಿಗೆ.

ಈಗ ಲ್ಯಾಪ್‌ಟಾಪ್ ಅಂಗಡಿಗೆ ಬರೋಣ. ‘ಐ7 ಅಂದ್ರೆ ಐ5ಗಿಂತ ಮೇಲು ತಾನೆ?’ ಅಂತ ವರ್ಷಕ್ಕೆ ನಾಲ್ಕು ಜನವಾದರೂ ನನ್ನನ್ನು ಕೇಳುತ್ತಾರೆ. ಇಂಟೆಲ್‌ನ ಒಂದೇ ಪೀಳಿಗೆಯ ಎರಡು ಚಿಪ್ ತೆಗೆದುಕೊಳ್ಳಿ, ಐ7-1255ಯು ಮತ್ತು ಐ5-12500ಎಚ್. ಎರಡರಲ್ಲೂ ಬಲಶಾಲಿ ದೊಡ್ಡ ಕೋರ್‌ಗಳೂ ಇವೆ, ಕರೆಂಟ್ ಉಳಿಸುವ ಚಿಕ್ಕ ಕೋರ್‌ಗಳೂ ಇವೆ. ಚಿಕ್ಕವು ಎಂಟೆಂಟು, ಸಮಸಮ. ದೊಡ್ಡವು ಮಾತ್ರ ಐ7ರಲ್ಲಿ ಎರಡು, ಐ5ರಲ್ಲಿ ನಾಲ್ಕು! ಕೊನೆಯ ಅಕ್ಷರವೇ ಗುಟ್ಟು. ‘ಯು’ ಅಂದರೆ 15 ವ್ಯಾಟ್ ಲೆಕ್ಕದಲ್ಲಿ ಕಟ್ಟಿದ್ದು, ‘ಎಚ್’ ಅಂದರೆ 45 ವ್ಯಾಟ್. ಸುಮ್ನೆ ಒಂದು ಫೈಲ್ ತೆರೆಯಲು, ನಾಲ್ಕು ವೆಬ್‌ಪುಟ ನೋಡಲು ಐ7 ಎಲ್ಲೂ ಹಿಂದೆ ಬೀಳದು. ಅರ್ಧ ಗಂಟೆ ವಿಡಿಯೊ ಎಡಿಟ್ ಮಾಡಿ, ಆಗ ಐ5 ಮುಂದೆ ಹೋಗುತ್ತದೆ. ಅದರ ಜೊತೆಗೇ ಫ್ಯಾನ್ ಸದ್ದು ಮಾಡುತ್ತದೆ, ಬ್ಯಾಟರಿಯೂ ಬೇಗ ಇಳಿಯುತ್ತದೆ.

ಹಾಗಾಗಿ ಕೇಳಿದವರಿಗೆ ನಾನು ಮೊದಲು ಕೇಳುವುದು ಒಂದೇ. ಲ್ಯಾಪ್‌ಟಾಪ್ ಮೇಜಿನ ಮೇಲೆ ಇರುತ್ತದೋ, ಬಸ್ಸಿನಲ್ಲಿ ಹೋಗಿ ಬರುತ್ತದೋ?