ಗ್ರೀಸ್‌ನ ಗಿಡಗಳೆಲ್ಲ ಜುಲೈನಲ್ಲಿ ಎಲ್ಲಿಗೆ ಹೋಗುತ್ತವೆ?

ಪ್ರಶ್ನೆ: ಜುಲೈನಲ್ಲಿ ಗ್ರೀಸ್‌ನ ಕ್ರೀಟ್ ದ್ವೀಪಕ್ಕೆ ಹೋಗಿದ್ದೆವು. ಎಲ್ಲಿ ನೋಡಿದರೂ ಬಂಡೆ, ಮುಳ್ಳು, ಒಣಹುಲ್ಲು. ಗ್ರೀಸ್‌ನಲ್ಲಿ ಸಾವಿರಾರು ಜಾತಿಯ ಗಿಡಗಳಿವೆ ಅನ್ನುತ್ತಾರಲ್ಲ, ಅವೆಲ್ಲ ಎಲ್ಲಿ?

ಉತ್ತರ: ಮಲಗಿದ್ದವು. ನೀವು ಹೋಗಿದ್ದೇ ಅವು ನಿದ್ದೆ ಮಾಡುವ ಹೊತ್ತಿಗೆ.

ನಮಗೆ ಜೂನ್ ಬಂತು ಅಂದರೆ ಮಳೆ. ಅಲ್ಲಿ ಉಲ್ಟಾ. ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆಯಲ್ಲಿ ಒಂದು ಹನಿ ಬಿದ್ದರೆ ಅದೇ ಜಾಸ್ತಿ. ಹಾಗಾಗಿ ಗಿಡಗಳು ಮಳೆಗೆ ಚಿಗುರಿ, ಮಾರ್ಚ್-ಏಪ್ರಿಲ್‌ನಲ್ಲಿ ಹೂ ಬಿಟ್ಟು, ಬಿಸಿಲು ಏರುವಷ್ಟರಲ್ಲಿ ಕೆಲಸ ಮುಗಿಸಿಬಿಡುತ್ತವೆ. ಟ್ಯುಲಿಪ್, ಅನಿಮೋನೆಯಂಥವು ನೆಲದೊಳಗಿನ ಗೆಡ್ಡೆಗೆ ಸರಿಯುತ್ತವೆ. ನಮ್ಮ ಕಳ್ಳಿಯ ಕುಲದ ಒಂದು ಪೊದೆಯಂತೂ ಬೇಸಿಗೆಯಲ್ಲಿ ಎಲೆಯನ್ನೇ ಉದುರಿಸಿ ಕಡ್ಡಿಯಾಗಿ ನಿಲ್ಲುತ್ತದೆ. ನೀವು ಸತ್ತ ಗಿಡ ಅಂದುಕೊಂಡದ್ದು ಅದೇ ಇರಬಹುದು.

ಇವುಗಳಲ್ಲಿ ನನಗೆ ಇಷ್ಟವಾದದ್ದು ಸ್ಕ್ವಿಲ್. ತೆಂಗಿನಕಾಯಿ ಗಾತ್ರದ ಗೆಡ್ಡೆ, ಅರ್ಧ ಮಣ್ಣಿನ ಹೊರಗೆ. ಬೇಸಿಗೆ ಕೊನೆಯಲ್ಲಿ, ಮಳೆ ಬರುವ ಮೊದಲೇ, ಒಂದೂ ಎಲೆ ಇಲ್ಲದ ಒಣನೆಲದಿಂದ ಆಳೆತ್ತರದ ದಂಟು ಏಳುತ್ತದೆ. ಅದರ ತುಂಬ ಬಿಳಿ ಹೂ, ಬುಡದಿಂದ ತುದಿಯ ಕಡೆಗೆ ಅರಳುತ್ತಾ ಹೋಗುತ್ತವೆ. ಎಲೆ ಬರುವುದು ಆಮೇಲೆ. ನಮ್ಮ ಕಾಡೀರುಳ್ಳಿ ಇದರ ದಾಯಾದಿ, ಅದೂ ಹೂ ಮೊದಲು ಎಲೆ ಆಮೇಲೆ ಅನ್ನುವ ಜಾತಿಯೇ. ಕಿತ್ತಿಟ್ಟರೂ ಚಿಗುರುತ್ತದೆ ಅಂತ ಕ್ರೀಟ್‌ನಲ್ಲಿ ಹೊಸ ವರ್ಷಕ್ಕೆ ಸ್ಕ್ವಿಲ್ ಗೆಡ್ಡೆಯನ್ನು ಬಾಗಿಲಿಗೆ ನೇತುಹಾಕುತ್ತಾರೆ.

ಇನ್ನು ಲೆಕ್ಕ. ಗ್ರೀಸ್ ಕರ್ನಾಟಕದ ಮೂರರಲ್ಲಿ ಎರಡು ಪಾಲಿನಷ್ಟು ದೊಡ್ಡದು. ಗಿಡಗಳು ಮಾತ್ರ 5,700ಕ್ಕೂ ಹೆಚ್ಚು ಜಾತಿ, ಅದರಲ್ಲಿ ಐದರಲ್ಲೊಂದು ಬೇರೆಲ್ಲೂ ಇಲ್ಲ. ಕಾರಣ ಬೆಟ್ಟ ಮತ್ತು ಸಮುದ್ರ. ಒಂದೊಂದು ದ್ವೀಪ, ಒಂದೊಂದು ಕಮರಿ ಬೇರೆಯಾಗಿ ಉಳಿದಾಗ ಅಲ್ಲಿನ ಗಿಡವೂ ತನ್ನದೇ ದಾರಿ ಹಿಡಿಯಿತು. ಹಿಮಯುಗ ಉತ್ತರ ಯುರೋಪನ್ನು ಒರೆಸಿ ಹಾಕಿದಾಗ ಇಲ್ಲಿ ಹಳಬರೂ ಬದುಕಿಕೊಂಡರು. ಒಲಿಂಪಸ್ ಬೆಟ್ಟದ ಬಂಡೆ ಸಂದಿಯಲ್ಲಿ ಬೆಳೆಯುವ ಯಾಂಕಿಯಾ ಅಂಥ ಹಳಬ. ಕುಂಡದಲ್ಲಿ ಬೆಳೆಸುತ್ತೇವಲ್ಲ, ಆಫ್ರಿಕನ್ ವಯೊಲೆಟ್, ಅದರ ನಂಟ.

ಅಂದಹಾಗೆ, ಜುಲೈನಲ್ಲಿ ಎಚ್ಚರವಿದ್ದ ಒಂದು ಗಿಡವೂ ಇತ್ತು. ಕ್ರೀಟ್ ಬಿಟ್ಟು ಬೇರೆ ಕಡೆ ತಾನಾಗಿ ಬೆಳೆಯದ ಡಿಕ್ಟಮೋಸ್. ದುಂಡನೆಯ ಎಲೆ, ಮೇಲೆಲ್ಲ ಬಿಳಿ ಉಣ್ಣೆಯಂಥ ಕೂದಲು, ಗುಲಾಬಿ ಹೂ. ಕಮರಿಯ ಗೋಡೆಗೆ ಅಂಟಿಕೊಂಡಿರುವ ಇದನ್ನು ಪ್ರೀತಿಸಿದವಳಿಗೆ ತಂದುಕೊಡಲು ಹುಡುಗರು ಪ್ರಾಣವನ್ನೇ ಪಣಕ್ಕಿಡುತ್ತಿದ್ದರಂತೆ. ಈಗ ಸುಮ್ನೆ ಹೊಲದಲ್ಲೇ ಬೆಳೆಯುತ್ತಾರೆ. ಅಲ್ಲಿ ಎಲ್ಲಾದರೂ ಗಿಡಮೂಲಿಕೆ ಕಷಾಯ ಕುಡಿದಿದ್ದರೆ, ಅದರಲ್ಲಿ ಇದೂ ಇದ್ದಿರಬಹುದು.