ಬಾಬಿ ಪೊಲೀಸನಾದದ್ದು ಸುಖಾಂತವೇ?

ಪ್ರಶ್ನೆ: ‘ವಿ ಓನ್ ದ ನೈಟ್’ ಚಿತ್ರದ ಕೊನೆಯಲ್ಲಿ, ಮನೆಯಿಂದ ದೂರ ಸರಿದಿದ್ದ ಬಾಬಿ ಪೊಲೀಸ್ ಸಮವಸ್ತ್ರ ತೊಟ್ಟು ನಿಲ್ಲುತ್ತಾನೆ. ಇದು ಸುಖಾಂತ ತಾನೇ?

ಉತ್ತರ: ಸುಖಾಂತದ ವೇಷ ತೊಟ್ಟ ದುಃಖಾಂತ ಎಂಬುದು ನನ್ನ ಅಭಿಪ್ರಾಯ. ಮಗ ಮನೆಗೆ ಮರಳಿದ್ದು ನಿಜ. ಆದರೆ ಅವನು ಬರುವ ಹೊತ್ತಿಗೆ ಅವನನ್ನು ಕರೆದ ಅಪ್ಪನೇ ಇಲ್ಲ.

ಜೇಮ್ಸ್ ಗ್ರೇ ನಿರ್ದೇಶನದ 2007ರ ಈ ಚಿತ್ರದ ಕಥೆ ನಡೆಯುವುದು 1988ರ ನ್ಯೂಯಾರ್ಕಿನಲ್ಲಿ. ಅಪ್ಪ ಬರ್ಟ್ ಗ್ರುಸಿನ್ಸ್ಕಿ ಹಿರಿಯ ಪೊಲೀಸ್ ಅಧಿಕಾರಿ, ಒಡಹುಟ್ಟಿದ ಜೋಸೆಫನೂ ಪೊಲೀಸ್. ಬಾಬಿ ಮಾತ್ರ ಬ್ರೂಕ್ಲಿನ್‌ನ ನೈಟ್‌ಕ್ಲಬ್ ಒಂದನ್ನು ನಡೆಸುತ್ತಾನೆ. ಅದರ ಮಾಲೀಕ ಬುಝಾಯೆವ್ ತುಪ್ಪಳದ ವ್ಯಾಪಾರ ಮಾಡುವ ರಷ್ಯನ್ ಹಿರಿಯ. ಬಾಬಿಯನ್ನು ಮನೆಮಗನಂತೆ ಕಾಣುತ್ತಾನೆ. ಅವನ ಬಂಧು ವದೀಮ್ ಅದೇ ಕ್ಲಬ್ಬಿನಲ್ಲಿ ಕೂತು ಮಾದಕವಸ್ತುವಿನ ದಂಧೆ ಕುದುರಿಸುತ್ತಾನೆ.

ಬಾಬಿ ತನ್ನ ಹೆಸರಿನ ಮುಂದೆ ಗ್ರುಸಿನ್ಸ್ಕಿ ಎಂದು ಬರೆದುಕೊಳ್ಳುವುದಿಲ್ಲ. ತಾಯಿಯ ತವರಿನ ‘ಗ್ರೀನ್’ ಅವನ ಹೆಸರಾಗಿದೆ. ಚಿತ್ರದ ಕೀಲಿಕೈ ಇರುವುದು ಇಲ್ಲೇ ಎಂದು ನನಗೆ ಅನಿಸುತ್ತದೆ. ಅವನು ಬೇಡವೆಂದದ್ದು ಅಪ್ಪನ ಪ್ರೀತಿಯನ್ನಲ್ಲ, ಆ ಹೆಸರಿನ ಜೊತೆ ಬರುವ ಕಟ್ಟುಪಾಡನ್ನು. ದಂಧೆಯ ಸುಳಿವು ಕೊಡು ಎಂದು ಅಪ್ಪನೂ ಜೋಸೆಫನೂ ಕೇಳಿದಾಗ ಅವನು ಒಪ್ಪುವುದಿಲ್ಲ. ಜೋಸೆಫ್ ಕ್ಲಬ್ಬಿನ ಮೇಲೆ ದಾಳಿ ಮಾಡುತ್ತಾನೆ, ಅದಕ್ಕೆ ಪ್ರತೀಕಾರವಾಗಿ ಅವನ ಮುಖಕ್ಕೇ ಗುಂಡು ಬೀಳುತ್ತದೆ. ಆಮೇಲೆಯೇ ಬಾಬಿ ಪೊಲೀಸರ ಪರವಾಗಿ ವದೀಮ್‌ನ ಅಡ್ಡೆಗೆ ಹೋಗುವುದು. ಹಾಗಾಗಿ ಅವನ ಮನಸ್ಸು ತಿರುಗಿಸಿದ್ದು ಕಾನೂನಿನ ಮೇಲಿನ ಗೌರವವಲ್ಲ, ರಕ್ತಸಂಬಂಧ.

ಮಳೆಯ ದೃಶ್ಯವನ್ನು ದಯವಿಟ್ಟು ಇನ್ನೊಮ್ಮೆ ನೋಡಿ. ಬಾಬಿಯನ್ನೂ ಅವನ ಗೆಳತಿ ಅಮಾಡಾಳನ್ನೂ ಪೊಲೀಸ್ ಕಾವಲಿನಲ್ಲಿ ಬೇರೆಡೆಗೆ ಸಾಗಿಸುತ್ತಿರುತ್ತಾರೆ. ಮಳೆ ಧೋ ಎಂದು ಸುರಿಯುತ್ತಿದೆ. ಹಂತಕರ ಕಾರು ನುಗ್ಗುತ್ತದೆ. ಇಲ್ಲಿ ಕ್ಯಾಮೆರಾ ಹೆಚ್ಚಿನ ಹೊತ್ತು ಬಾಬಿಯ ಕಾರಿನೊಳಗೇ ಉಳಿಯುತ್ತದೆ. ವೈಪರ್ ಆಡಿದಾಗ ರಸ್ತೆ ಒಂದಿಷ್ಟು ಕಾಣುತ್ತದೆ, ಮರುಕ್ಷಣ ನೀರು ಮುಚ್ಚುತ್ತದೆ. ಅಪ್ಪ ಗುಂಡೇಟಿಗೆ ಬೀಳುವುದನ್ನು ಅವನು ಆ ಮಸುಕು ಗಾಜಿನಾಚೆಯಿಂದಲೇ ನೋಡಬೇಕು. ಎಷ್ಟು ಸಲ ನೋಡಿದರೂ ಅಲ್ಲಿ ನನ್ನ ಉಸಿರು ಬಿಗಿಯುತ್ತದೆ. ಬಾಬಿಯ ಮುಂದಿನ ಬದುಕು ನಿರ್ಧಾರವಾದದ್ದೂ ಆ ಗಾಜಿನ ಹಿಂದೆಯೇ.

ಅಲ್ಲಿಂದ ಅವನು ಪೊಲೀಸ್ ಇಲಾಖೆ ಸೇರುತ್ತಾನೆ, ಅಮಾಡಾಳನ್ನು ಒಂದು ಮಾತೂ ಕೇಳದೆ. ಅವಳು ಬಿಟ್ಟುಹೋಗುತ್ತಾಳೆ. ಮಗನಂತೆ ಕಂಡಿದ್ದ ಬುಝಾಯೆವ್‌ನೇ ದಂಧೆಯ ಯಜಮಾನನೆಂದು ಗೊತ್ತಾಗುತ್ತದೆ. ಎರಡನೆಯ ಅಪ್ಪನನ್ನೂ ಅವನು ಹೀಗೆ ಕಳೆದುಕೊಳ್ಳುತ್ತಾನೆ. ಅತ್ತ ಜೋಸೆಫ್, ಗುಂಡೇಟು ತಿಂದ ಮೇಲೆ, ಬಂದೂಕು ಹಿಡಿದು ಮುನ್ನುಗ್ಗಲಾರ. ಹುಟ್ಟಾ ಪೊಲೀಸ್ ಎನಿಸಿಕೊಂಡವನು ಹಿಂದೆ ಸರಿಯುತ್ತಾನೆ, ಒಲ್ಲದವನು ಅಪ್ಪನ ಜಾಗಕ್ಕೆ ಬಂದು ನಿಲ್ಲುತ್ತಾನೆ.

ಶೀರ್ಷಿಕೆಯ ಬಗ್ಗೆ ಒಂದು ಮಾತು. ‘ಇರುಳು ನಮ್ಮದು’ ಎಂಬುದು ನ್ಯೂಯಾರ್ಕ್ ಪೊಲೀಸರ ಬೀದಿ ಅಪರಾಧ ತಡೆ ಪಡೆಯ ಘೋಷವಾಕ್ಯವಾಗಿತ್ತು. 1999ರಲ್ಲಿ ಗಿನಿ ದೇಶದಿಂದ ವಲಸೆ ಬಂದಿದ್ದ ನಿರಾಯುಧ ಯುವಕನೊಬ್ಬನ ಮೇಲೆ ಇದೇ ಪಡೆಯ ನಾಲ್ವರು 41 ಗುಂಡು ಹಾರಿಸಿದರು. 2002ರಲ್ಲಿ ಪಡೆಯನ್ನೇ ವಿಸರ್ಜಿಸಲಾಯಿತು. ಇದನ್ನು ತಿಳಿದು ನೋಡುವವರಿಗೆ ಆ ಶೀರ್ಷಿಕೆಯ ಹೆಮ್ಮೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಇನ್ನು ಕೊನೆಯ ದೃಶ್ಯ. ಪೊಲೀಸ್ ತರಬೇತಿ ಮುಗಿಸಿದವರ ಪದವಿ ಸಮಾರಂಭದ ಜನಸಂದಣಿಯಲ್ಲಿ ಬಾಬಿಗೆ ಅಮಾಡಾ ಕಂಡಂತಾಗುತ್ತದೆ. ಕಣ್ಣು ಕೀಲಿಸಿ ನೋಡಿದರೆ ಅವಳಲ್ಲ. ಪಕ್ಕದಲ್ಲಿ ಜೋಸೆಫ್ ಇದ್ದಾನೆ. ಒಡಹುಟ್ಟಿದವರು ಪರಸ್ಪರ ಪ್ರೀತಿಯನ್ನು ಬಾಯಿಬಿಟ್ಟು ಹೇಳಿಕೊಳ್ಳುತ್ತಾರೆ. ಮಾತು ಪ್ರಾಮಾಣಿಕವೇ, ಆದರೆ ಬಾಬಿಯ ಮುಖದಲ್ಲಿ ನಗೆಯನ್ನು ಹುಡುಕಿ ನೋಡಿ.