ಅಮ್ಮ ಇದ್ದೂ ಅನಾಥಾಶ್ರಮದಲ್ಲಿ: ಕರಾವಳಿಯ ಮಕ್ಕಳ ಮನೆಗಳ ಹಿನ್ನೆಲೆ

ಮೇ ತಿಂಗಳಲ್ಲಿ ನಮ್ಮ ಪಕ್ಕದ ಮನೆಯವರು ಮಗಳ ಹುಟ್ಟುಹಬ್ಬಕ್ಕೆ ಊಟ ಹಾಕಿಸಬೇಕು ಅಂತ ಉಡುಪಿ ಹತ್ತಿರದ ಒಂದು ಅನಾಥಾಶ್ರಮಕ್ಕೆ ಫೋನ್ ಮಾಡಿದರು. ‘ಮಕ್ಕಳು ರಜೆಗೆ ಮನೆಗೆ ಹೋಗಿದ್ದಾರೆ, ಜೂನ್‌ನಲ್ಲಿ ಬನ್ನಿ’ ಅಂದರಂತೆ. ಅನಾಥರಿಗೆ ಯಾವ ಮನೆ ಮಾರಾಯ್ರೆ, ಅಂತ ಅವರು ನನ್ನನ್ನು ಕೇಳಿದರು. ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ಹೇಳಬೇಕಾದರೆ ಸ್ವಲ್ಪ ಹಳೆಯ ಕಾಲಕ್ಕೆ ಹೋಗಬೇಕು.

ತುಳುನಾಡಿನ ಅನೇಕ ಸಮುದಾಯಗಳಲ್ಲಿ ಅಳಿಯಸಂತಾನ ಕಟ್ಟು ಇತ್ತು. ಅಪ್ಪ ತೀರಿಹೋದರೂ ಮಗು ಹೇಗೂ ತಾಯಿಯ ಕುಟುಂಬದ್ದೇ, ನೋಡಿಕೊಳ್ಳುವುದು ಸೋದರಮಾವ. ಎಲ್ಲ ಮಾವಂದಿರೂ ಚೆನ್ನಾಗಿ ನೋಡಿಕೊಂಡರು ಅಂತಲ್ಲ. ಕುಟುಂಬದ ಮನೆ, ಗದ್ದೆ ಯಾವುದೂ ಇಲ್ಲದವರಿಗಂತೂ ಈ ಕಟ್ಟಿನಿಂದ ಜಾಸ್ತಿ ಪ್ರಯೋಜನ ಇರಲಿಲ್ಲ. 1834ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಮಂಗಳೂರಿಗೆ ಬಂತು. ಮತಾಂತರವಾದವರಿಗೆ ಮನೆಯೂ ಹೋಯಿತು, ಕೆಲಸವೂ ಹೋಯಿತು. ಹಾಗಾಗಿ ಮಿಷನ್ನಿನವರು ಶಾಲೆಯ ಜೊತೆಗೆ ಮಕ್ಕಳಿಗೆ ಇರಲು ಜಾಗ, ದೊಡ್ಡವರಿಗೆ ನೇಯ್ಗೆ, ಅಚ್ಚುಕೂಟ, ಹೆಂಚಿನ ಕಾರ್ಖಾನೆ ಎಲ್ಲವನ್ನೂ ಕಟ್ಟಬೇಕಾಯಿತು. ಹುಡುಗಿಯರ ಅನಾಥಶಾಲೆ ಮುಲ್ಕಿಯಲ್ಲಿತ್ತು, ಹುಡುಗರದ್ದು ಉಡುಪಿಯಲ್ಲಿ. 1878ರ ಕೊನೆಗೆ ಜೆಸ್ವಿಟ್ ಅನ್ನುವ ಕ್ಯಾಥೊಲಿಕ್ ಸಂಘದ ಪಾದ್ರಿಗಳು ಬಂದರು, ಮಂಗಳೂರಿನ ಜೆಪ್ಪುವಿನಲ್ಲೂ ಮಕ್ಕಳ ಆಶ್ರಯ ಶುರುವಾಯಿತು. ಮಂಗಳೂರಿನ ಸಮಾಜ ಸುಧಾರಕ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು, ಆಮೇಲೆ ಉಳಿಯಲು ಹಾಸ್ಟೆಲ್ಲೂ ಬಂತು. ಈ ಜಾಗಗಳಿಗೆ ಬಂದ ಎಷ್ಟೋ ಮಕ್ಕಳಿಗೆ ಅಪ್ಪ ಅಮ್ಮ ಇದ್ದರು. ಇಲ್ಲದೇ ಇದ್ದದ್ದು ಅನ್ನ, ಶಾಲೆ, ಊರಿನವರ ಮರ್ಯಾದೆ.

ಆಮೇಲಿನ ನೂರು ವರ್ಷ ಬೇಗ ಹೇಳಬಹುದು. 1920ರಲ್ಲಿ ಮದ್ರಾಸ್ ಮಕ್ಕಳ ಕಾಯ್ದೆ ಬಂತು, ಆಗ ನಾವು ಮದ್ರಾಸಿಗೆ ಸೇರಿದ್ದೆವು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದೆವು, 1960ರಲ್ಲಿ ಅನಾಥಾಲಯಗಳ ಮೇಲ್ವಿಚಾರಣೆಗೆ ಒಂದು ಕೇಂದ್ರ ಕಾಯ್ದೆ ಆಯಿತು, 1986ರಲ್ಲಿ ಬಾಲ ನ್ಯಾಯ ಕಾಯ್ದೆ. ಕಾಗದದಲ್ಲಿ ಎಲ್ಲ ಇತ್ತು. ಆದರೆ ಯಾರಾದರೂ ಒಳ್ಳೆ ಮನಸ್ಸಿನಿಂದ ಒಂದು ಮನೆ ಬಾಡಿಗೆಗೆ ಹಿಡಿದು ಇಪ್ಪತ್ತು ಮಕ್ಕಳನ್ನು ಇಟ್ಟುಕೊಂಡರೆ ಸಾಮಾನ್ಯವಾಗಿ ಯಾರೂ ಬಂದು ಕೇಳುತ್ತಿರಲಿಲ್ಲ.

ನಾನು ಹತ್ತಿರದಿಂದ ನೋಡಿದ್ದು 2000ದ ನಂತರದ ಕಾಲ. ಮಣಿಪಾಲ, ಮಂಗಳೂರಲ್ಲಿ ಒಂದರ ಹಿಂದೆ ಒಂದು ಕಟ್ಟಡ ಏಳುತ್ತಿತ್ತು. ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಕೆಲಸಕ್ಕೆ ಬಂದವರು ಶೀಟಿನ ಶೆಡ್ಡುಗಳಲ್ಲಿ ಇರುತ್ತಿದ್ದರು. ಒಂದು ಕಟ್ಟಡ ಮುಗಿದರೆ ಇನ್ನೊಂದಕ್ಕೆ. ಶಾಲೆಗೆ ಹೋಗುವ ಮಗುವನ್ನು ಹೀಗೆ ತಿರುಗಿಸೋದು ಹೇಗೆ? ಯಾರೋ ಹೇಳಿದರು ಅಂತ ಆಶ್ರಮದಲ್ಲಿ ಬಿಟ್ಟರು. ಇಲ್ಲಿನವರೂ ಇದ್ದರು, ಬೀಡಿ ಕಟ್ಟಿ ಮೂರು ಮಕ್ಕಳನ್ನು ಸಾಕಲಾಗದ ಅಮ್ಮಂದಿರು. ನಾನು ಕೆಲವು ವರ್ಷ ಭಾನುವಾರ ಅಂಥ ಒಂದು ಮನೆಗೆ ಲೆಕ್ಕ ಹೇಳಿಕೊಡಲು ಹೋಗುತ್ತಿದ್ದೆ. ಹುಡುಗರ ತಗಡಿನ ಟ್ರಂಕುಗಳು ಗೋಡೆಗೆ ಸಾಲಾಗಿ ಇರುತ್ತಿದ್ದವು, ಕೀಲಿ ಕೊರಳಿನ ದಾರದಲ್ಲಿ. ಏಳನೇ ಕ್ಲಾಸಿನ ಒಬ್ಬನ ಟ್ರಂಕಿನ ಮುಚ್ಚಳದ ಒಳಗೆ ಬಾಲ್‌ಪೆನ್ನಿನಲ್ಲಿ ಮೊಬೈಲ್ ನಂಬರ್ ಬರೆದಿತ್ತು. ಎರಡನ್ನು ಹೊಡೆದು ಹಾಕಿ ಕೆಳಗೆ ಮೂರನೆಯದು. ‘ಅವ್ವ ಸಿಮ್ ಬದಲಿ ಮಾಡ್ಯಾಳ್ರಿ ಸರ್’ ಅಂದ.

2000ದ ಬಾಲ ನ್ಯಾಯ ಕಾಯ್ದೆ, ಆಶ್ರಯ ಬೇಕಾದ ಮಗು ಎಲ್ಲಿರಬೇಕು ಅಂತ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಗಳನ್ನು ತಂದಿತು. 2015ರ ಕಾಯ್ದೆ ಇನ್ನೂ ಬಿಗಿ. ಸಿಕ್ಕಿದ ಮಗುವನ್ನು 24 ಗಂಟೆಯೊಳಗೆ ಸಮಿತಿಯ ಮುಂದೆ ತರಬೇಕು, ಎಲ್ಲ ಮನೆಗಳೂ ನೋಂದಣಿ ಆಗಬೇಕು, ಸಂಸ್ಥೆಗೆ ಕಳಿಸುವುದು ಬೇರೆ ದಾರಿ ಇಲ್ಲದಾಗ ಮಾತ್ರ. ಮಕ್ಕಳ ಮೇಲಿನ ದೌರ್ಜನ್ಯದ ಪ್ರಕರಣವೊಂದರಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್ ಕೂಡ ನೋಂದಣಿ, ತಪಾಸಣೆ ಸರಿಯಾಗಿ ಆಗಲೇಬೇಕು ಅಂತ ಹೇಳಿತು. ಇದೆಲ್ಲ ಬೇಕಿತ್ತು, ನನಗೆ ಅದರಲ್ಲಿ ಅನುಮಾನ ಇಲ್ಲ. ಗೋಡೆಯೊಳಗೆ ಏನಾಗುತ್ತಿದೆ ಅಂತ ಯಾರಿಗೂ ಗೊತ್ತಾಗದ ಮನೆಗಳು ಇದ್ದವು. ಆದರೆ ಕೆಲವು ಕಡೆ ಬಾಗಿಲು ಹಾಕಿದರು, ಕೆಲವು ಕಡೆ ಹಾಸ್ಟೆಲ್ ಅಂತ ಬೋರ್ಡ್ ಬದಲಾಯಿತು. ಮಕ್ಕಳಿಗೆ ‘ಮನೆಗೆ ಹೋಗಿ’ ಅಂದರು. ಮನೆ ಅಂದರೆ ಅದೇ ಶೀಟಿನ ಶೆಡ್ಡು.

ಇಷ್ಟು ಮಕ್ಕಳಿದ್ದಾರಲ್ಲ, ದತ್ತು ಯಾಕೆ ಕೊಡೋದಿಲ್ಲ ಅಂತ ಜನ ಕೇಳುತ್ತಾರೆ. ಕಾರಣ ಇದೇ. ಅಮ್ಮ ಭಾನುವಾರ ಬಾಳೆಹಣ್ಣು ಹಿಡಿದುಕೊಂಡು ಬರುವ ಮಗುವನ್ನು ದತ್ತು ಕೊಡಲು ಬರುವುದಿಲ್ಲ, ಕೊಡಲೂಬಾರದು. ತಾಯಿಯೇ ಮಗುವನ್ನು ಸಮಿತಿಗೆ ಒಪ್ಪಿಸಿದರೂ ಮನಸ್ಸು ಬದಲಿಸಲು ಅವಳಿಗೆ ಎರಡು ತಿಂಗಳ ಅವಕಾಶ ಇದೆ. ಹಾಗಾಗಿ ದತ್ತು ಪಡೆಯಲು ಕಾಯುವವರ ಸಾಲು ಉದ್ದ, ಸಿಗುವ ಮಕ್ಕಳು ಕಮ್ಮಿ.

ಈಗ ಸರ್ಕಾರದ್ದೇ ಒಂದು ದಾರಿ ಇದೆ. ಮಿಷನ್ ವಾತ್ಸಲ್ಯ ಅನ್ನುವ ಮಕ್ಕಳ ರಕ್ಷಣಾ ಯೋಜನೆಯ ಪ್ರಾಯೋಜಕತ್ವದಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ, ಮಗು ಮನೆಯಲ್ಲೇ ಇರಬಹುದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ. ಇನ್ನೂರು ವರ್ಷದಲ್ಲಿ ಹಣ ಕಟ್ಟಡಕ್ಕೆ ಹೋಗದೆ ಅಮ್ಮನ ಹತ್ತಿರ ಹೋಗುವ ಲೆಕ್ಕ ಇದೇ ಮೊದಲೇನೋ ಅನ್ನಿಸುತ್ತದೆ. ಪಕ್ಕದ ಮನೆಯವರಿಗೂ ಇದನ್ನೇ ಹೇಳಿದೆ, ಊಟ ಹಾಕಿಸಿ, ಜೊತೆಗೆ ಯಾರಾದರೂ ಒಬ್ಬರಿಗೆ ಈ ಅರ್ಜಿ ತುಂಬಿಸಿಕೊಡಿ ಅಂತ. ಜೂನ್‌ನಲ್ಲಿ ಅವರು ಹೋಗಿ ಒಬ್ಬ ತಾಯಿಯನ್ನು ಮಾತಾಡಿಸಿದರು. ಆಕೆಗೆ ಅರ್ಜಿ ಹಾಕಲು ಮನಸ್ಸಿದೆ. ಆದರೆ ರೇಷನ್ ಕಾರ್ಡ್ ಬಾದಾಮಿಯದ್ದು, ಆದಾಯದ ಸರ್ಟಿಫಿಕೇಟಿಗೆ ಅಲ್ಲಿನ ನಾಡಕಚೇರಿಗೆ ಹೋಗಬೇಕು ಅಂತ ಯಾರೋ ಹೇಳಿದ್ದಾರೆ. ಹೋಗಿ ಬರಲು ಮೂರು ದಿನ, ಮೂರು ದಿನದ ಕೂಲಿ. ಸ್ಲ್ಯಾಬ್ ಕೆಲಸ ಮುಗಿಯಲಿ, ಆಮೇಲೆ ನೋಡ್ತೀನಿ ಅಂದರಂತೆ.